ಬಾಚಣಿಗೆ ಯಾವ ಕಡೆಗಿದೆ

ಹೊಳೆನರಸೀಪುರದಲ್ಲಿ ಮನೆ ಮಾಡಿಕೊಂಡು ಹಳ್ಳಿಮೈಸೂರು ಹೋಬಳಿಯ ಒಂದು ಕಿರಿಯ ಪ್ರಾಥಮಿಕ ಶಾಲೆಗೆ ನಾನು ಒಂಬತ್ತು ವರ್ಷ ಬಸ್ಸಿನಲ್ಲಿ ಹೋಗಿಬಂದೆ. ಒಂದರಿಂದ ಐದರವರೆಗೆ ತರಗತಿ, ಇಬ್ಬರು ಶಿಕ್ಷಕರು, ಕೊನೆಯ ವರ್ಷ ಇಪ್ಪತ್ತೇಳು ಮಕ್ಕಳು. ಮುಖ್ಯ ಶಿಕ್ಷಕರು ನನಗಿಂತ ಎರಡು ವರ್ಷ ದೊಡ್ಡವರು. ಕಡತದ ಕೆಲಸ ಅವರದು, ತರಗತಿಯ ಕೆಲಸ ಹೆಚ್ಚುಕಡಿಮೆ ನನ್ನದು. ನಾವಿಬ್ಬರೂ ಅದನ್ನು ಬಾಯಿಬಿಟ್ಟು ಹಂಚಿಕೊಂಡಿರಲಿಲ್ಲ.

ಆ ವರ್ಷ ಜೂನ್ ತಿಂಗಳಲ್ಲಿ ಹಾಸನದಲ್ಲಿ ನಮಗೆ ಎರಡು ದಿನದ ತರಬೇತಿ ಇತ್ತು. ಮಕ್ಕಳು ಶನಿವಾರ ಪುಸ್ತಕದ ಚೀಲ ಬಿಟ್ಟು ಬರಬೇಕು, ಊರಿಗೆ ಉಪಯೋಗವಾಗುವ ಒಂದು ಕೆಲಸ ಮಾಡಬೇಕು, ಅದರಿಂದ ಅವರಲ್ಲಿ ನಾಯಕತ್ವ ಬೆಳೆಯುತ್ತದೆ ಎಂದು ಹೇಳಿದರು. ಚನ್ನರಾಯಪಟ್ಟಣದ ಕಡೆಯಿಂದ ಬಂದಿದ್ದ ಮೇಷ್ಟರೊಬ್ಬರು ಎದ್ದು ನಿಂತು, "ಏನ್ ಕೆಲ್ಸ ಮಾಡಿಸ್ಬೇಕು ಸಾ?" ಎಂದು ಕೇಳಿದರು. "ಅದನ್ನ ಮಕ್ಕಳೇ ಹೇಳ್ಬೇಕು" ಎಂದರು ತರಬೇತಿ ಕೊಡುತ್ತಿದ್ದವರು. ಮೇಷ್ಟರು ಕೂತರು. ನಾನು ಟಿಪ್ಪಣಿ ಪುಸ್ತಕದಲ್ಲಿ ಅಷ್ಟನ್ನೇ ಬರೆದುಕೊಂಡು, ಊಟದ ನಂತರ ಸ್ವಲ್ಪ ತೂಕಡಿಸಿ, ಊರಿಗೆ ಬಂದೆ.

ಮೊದಲು ಶಾಲೆಯ ಚುನಾವಣೆ ಮಾಡಿದೆವು. ಮುಖ್ಯ ಶಿಕ್ಷಕರ ಫೋನಿನಲ್ಲಿ ಮತಯಂತ್ರದಂಥ ಒಂದು ಆಪ್ ಇತ್ತು. ಅಭ್ಯರ್ಥಿಯ ಚಿತ್ರ ಒತ್ತಿದರೆ ಉದ್ದಕ್ಕೆ ಸದ್ದು ಬರುತ್ತಿತ್ತು. ಒಂದನೆಯ ತರಗತಿಯ ಮಗುವೊಂದು ಆ ಸದ್ದು ಇನ್ನೊಂದು ಸಲ ಬೇಕು ಎಂದು ಅತ್ತಿತು. ನಿಂತಿದ್ದವರು ಇಬ್ಬರು, ಇಬ್ಬರೂ ಐದನೆಯ ತರಗತಿಯ ಹುಡುಗಿಯರು. ಒಬ್ಬಳಿಗೆ ಹದಿನೈದು ಬಂತು, ಇನ್ನೊಬ್ಬಳಿಗೆ ಹನ್ನೆರಡು. ಗೆದ್ದವಳು ಲೀಡರ್, ಸೋತವಳು ವೈಸ್ ಲೀಡರ್. ಮಕ್ಕಳು ಹಾಗೆಯೇ ಕರೆಯುತ್ತಿದ್ದರು. ನಾನಿಲ್ಲಿ ನಾಯಕಿ, ಉಪನಾಯಕಿ ಎಂದು ಬರೆಯುತ್ತೇನೆ.

ನಾಯಕಿ ಊರ ನಡುವಿನ ದೊಡ್ಡ ಮನೆಯ ಹುಡುಗಿ. ಅವಳ ತಾತನಿಗೆ ನಾಲೆಯ ಕೆಳಗೆ ಗದ್ದೆ, ಮೇಲೆ ತೆಂಗಿನ ತೋಟ. ಊರಿನಲ್ಲಿ ಜಗಳ ತೀರ್ಮಾನಕ್ಕೆ ಇವತ್ತಿಗೂ ಅವರ ಜಗಲಿಗೇ ಹೋಗುತ್ತಿದ್ದರು. ಹುಡುಗಿಗೆ ಗಟ್ಟಿ ಗಂಟಲು. ಪ್ರಾರ್ಥನೆಗೆ ಸಾಲು ನಿಲ್ಲಿಸುವಾಗ ಅವಳ ಕೂಗು ಡೇರಿಯವರೆಗೆ ಕೇಳಿಸುತ್ತಿತ್ತು. ಉಪನಾಯಕಿಯ ಮನೆ ನಾಲೆಯ ಆಚೆ ಕಾಲೋನಿಯಲ್ಲಿ. ತಾಯಿ ಶುಂಠಿ ಹೊಲಗಳಿಗೆ ಕೂಲಿಗೆ ಹೋಗುತ್ತಿದ್ದಳು. ಮನೆಯಲ್ಲಿ ಅಜ್ಜಿ, ಒಬ್ಬ ತಮ್ಮ. ಗೋಡೆಯ ಮೇಲೆ ಅಂಬೇಡ್ಕರ್ ಅವರದೂ ಬುದ್ಧನದೂ ಪಟ ಇದ್ದವು. ಅವಳು ಕಡಿಮೆ ಮಾತಿನವಳು. ಆದರೆ ಒಂದು, ಎರಡನೆಯ ತರಗತಿಯ ಮಕ್ಕಳು ಜುಟ್ಟು ಬಿಚ್ಚಿಹೋದರೆ ನನ್ನ ಹತ್ತಿರ ಬಾರದೆ ಅವಳ ಹತ್ತಿರ ಹೋಗುತ್ತಿದ್ದವು.

ಮೊದಲ ಎರಡು ಶನಿವಾರ ದೇವಸ್ಥಾನದ ಮುಂದೆ ಕಸ ಗುಡಿಸಿದೆವು. ಮುಖ್ಯ ಶಿಕ್ಷಕರು ಫೋಟೊ ತೆಗೆದು ಗ್ರೂಪಿಗೆ ಹಾಕಿದರು. ಮೂರನೆಯ ಶನಿವಾರ ನಾಯಕಿ ಪೊರಕೆ ನೆಲಕ್ಕೆ ಹಾಕಿ ಬಂದಳು.

"ಮಿಸ್, ನಾವು ಗುಡಿಸ್ತೀವಿ ಅಂತ ಗೊತ್ತಾಗಿ ಎಲ್ರೂ ಇಲ್ಲೇ ತಂದ್ ಹಾಕ್ತಾವ್ರೆ. ಬೇರೆ ಏನಾದ್ರೂ ಮಾಡನ."

ಅವಳು ಹೇಳಿದ್ದು ನಿಜ. ಏನು ಮಾಡಬೇಕು ಎಂದು ಕೇಳಿದರೆ ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆ ವಾರವೇ ಆಶಾ ಕಾರ್ಯಕರ್ತೆ ಶಾಲೆಗೆ ಬಂದರು, ಮಕ್ಕಳಿಗೆ ಜಂತುಹುಳುವಿನ ಮಾತ್ರೆ ಕೊಡಲು. ಕೊಟ್ಟು ಮುಗಿದ ಮೇಲೆ ನನ್ನ ಮೇಜಿನ ಪಕ್ಕ ಕೂತು ನೀರು ಕುಡಿದರು.

"ಮಿಸ್, ನಂಗೆ ಮೂರ್ ಊರು ಕೊಟ್ಟವ್ರೆ. ಹೊಳೇನರಸೀಪುರ ಆಸ್ಪತ್ರೇಲಿ ಕಣ್ಣಿನ ಕ್ಯಾಂಪ್ ಅದೆ, ಕಣ್ ಕಾಣ್ದಿರೋ ವಯಸ್ಸಾದೋರ ಲಿಸ್ಟ್ ಕೊಡಿ ಅಂತವ್ರೆ. ಒಬ್ಬಳೇ ಎಷ್ಟ್ ಮನೆಗಂತ ಓಗ್ಲಿ? ಕೇಳಿದ್ರೆ ಒಬ್ರೂ ನಿಜ ಏಳಲ್ಲ."

ನಾಯಕಿ ಕಿಟಕಿಯ ಆಚೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. "ನಾವು ಓಗ್ತೀವಿ ಆಂಟಿ" ಎಂದಳು.

ಆಶಾ ನಕ್ಕರು. ಆದರೆ ಮರುದಿನ ಎರಡು ರಟ್ಟುಗಳನ್ನು ತಂದುಕೊಟ್ಟರು. ಬಿಳಿಯ ರಟ್ಟಿನ ಮೇಲೆ ಇಂಗ್ಲಿಷಿನ ಇ ಅಕ್ಷರ ದಪ್ಪಗೆ, ಕಪ್ಪಗೆ ಒಂದೇ ಒಂದು. ಇಪ್ಪತ್ತು ಅಡಿ ದೂರದಲ್ಲಿ ಅದನ್ನು ಹಿಡಿಯಬೇಕು. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ತಿರುಗಿಸಬೇಕು. ಒಂದು ಕಣ್ಣು ಮುಚ್ಚಿಕೊಂಡವರು ಅದರ ಹಲ್ಲು ಯಾವ ಕಡೆಗಿದೆ ಎಂದು ಕೈಯಲ್ಲಿ ತೋರಿಸಬೇಕು. ನಾಲ್ಕರಲ್ಲಿ ಮೂರು ಹೇಳಲಾಗದಿದ್ದರೆ ಹೆಸರು ಬರೆದುಕೊಳ್ಳಬೇಕು. ಮಕ್ಕಳು ಅದಕ್ಕೆ ಬಾಚಣಿಗೆ ಎಂದು ಹೆಸರಿಟ್ಟರು. ನಾಯಕಿ ಮನೆಯಿಂದ ಹಸು ಕಟ್ಟುವ ನೈಲಾನ್ ಹಗ್ಗ ತಂದಳು. ಒಂದು ಅಡಿಯ ಸ್ಕೇಲನ್ನು ಇಪ್ಪತ್ತು ಸಲ ಇಟ್ಟು ಅಳೆದು ಎರಡು ತುಂಡು ಮಾಡಿದರು.

ತಂಡ ಮಾಡುವ ಕೆಲಸ ನಾಯಕಿಯದು. ಅವಳು ಹಿಂದೆಮುಂದೆ ನೋಡಲಿಲ್ಲ. ಉಪನಾಯಕಿಯ ಕೈಗೆ ಒಂದು ರಟ್ಟು, ಒಂದು ಹಗ್ಗ ಕೊಟ್ಟು, "ನೀನು ನಿಮ್ ಕಡೆ ನೋಡ್ಕೊ. ನಾವು ನಮ್ ಕಡೆ ನೋಡ್ಕತೀವಿ" ಎಂದಳು. ಕಾಲೋನಿಯ ಮಕ್ಕಳೆಲ್ಲ ಉಪನಾಯಕಿಯ ಹಿಂದೆ ಸರಿದರು. ಊರೊಳಗಿನವರು ಇವಳ ಹಿಂದೆ. ಸಾಲು ಎರಡಾಗಲು ಅರ್ಧ ನಿಮಿಷವೂ ಬೇಕಾಗಲಿಲ್ಲ.

ನಾನು ಅಲ್ಲೇ ಇದ್ದೆ. ಹಾಗಲ್ಲ, ಬೆರೆಸಿ ಎಂದು ಹೇಳಬಹುದಿತ್ತು. ಹೇಳಲಿಲ್ಲ. ನಾನೂ ಹುಟ್ಟಿನಿಂದ ಊರೊಳಗಿನ ಜನದವಳೇ. ಒಂಬತ್ತು ವರ್ಷದಲ್ಲಿ ಕಾಲೋನಿಗೆ ನಾನು ಹೋಗಿದ್ದದ್ದು ಮಕ್ಕಳ ಗಣತಿಯ ಸಮಯದಲ್ಲಿ ಮಾತ್ರ. ಬಿಸಿಲೇರುವ ಮೊದಲು ಕೆಲಸ ಮುಗಿಯಲಿ ಎಂದು ಸುಮ್ಮನಾದೆ ಎಂದು ಆಗ ನನಗೇ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ.

ಊರೊಳಗೆ ಕೆಲಸ ಮೊದಲ ಮನೆಯಲ್ಲೇ ಕೆಟ್ಟಿತು. ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿಯೊಬ್ಬರು ತಲೆ ಎತ್ತದೆ, "ನನ್ ಕಣ್ಗೇನಾಗದೆ? ಸೂಜಿಗೆ ದಾರ ಪೋಣಿಸ್ತೀನಿ. ಓಗ್ರೆ, ಓಗಿ ಓದ್ಕಳ್ರೆ" ಎಂದರು. ಎರಡನೆಯ ಮನೆಯಲ್ಲಿ ಒಬ್ಬ ಮುದುಕರು, "ಕಣ್ ನೋಡಕ್ಕೆ ನೀನ್ಯಾವ ಡಾಕ್ಟ್ರಮ್ಮ?" ಎಂದು ನಕ್ಕರು.

"ತಾತ, ಎದ್ ನಿಂತ್ಕಳಿ. ಇದು ಸರ್ಕಾರದ ಕೆಲ್ಸ" ಎಂದಳು ನಾಯಕಿ.

ಅವರು ಇನ್ನಷ್ಟು ನಕ್ಕರು, ಏಳಲಿಲ್ಲ. ಅವಳ ಮುಖ ಕೆಂಪಾಯಿತು. ಆ ಸಿಟ್ಟನ್ನು ಅವಳು ತನ್ನ ತಂಡದ ಮೇಲೆ ತೀರಿಸಿಕೊಂಡಳು. ರಟ್ಟು ಹಿಡಿದಿದ್ದ ಮೂರನೆಯ ತರಗತಿಯ ಹುಡುಗಿಗೆ ನೆಟ್ಟಗೆ ಹಿಡಿಯಲು ಬರುವುದಿಲ್ಲ ಎಂದು ಗದರಿದಳು. ಆ ಹುಡುಗಿ ರಟ್ಟನ್ನು ಜಗಲಿಯ ಮೇಲಿಟ್ಟು ಮನೆಗೆ ಹೋದಳು. ಅವಳ ಹಿಂದೆ ಅವಳ ಅಣ್ಣ. ಹಗ್ಗ ಹಿಡಿದವರು ಹಗ್ಗದಲ್ಲಿ ಆಟ ಶುರುಮಾಡಿದರು. ಒಂದು ಗಂಟೆ ಕಳೆಯುವ ಹೊತ್ತಿಗೆ ಅವಳ ಜೊತೆ ಇಬ್ಬರು ಉಳಿದಿದ್ದರು, ಪಟ್ಟಿಯಲ್ಲಿ ಎರಡು ಹೆಸರು. ಅದರಲ್ಲಿ ಒಬ್ಬರಿಗೆ ಕಣ್ಣು ಪೂರ್ತಿ ಹೋಗಿ ಹಲವು ವರ್ಷವಾಗಿತ್ತು. ಅದು ಇಡೀ ಊರಿಗೆ ಗೊತ್ತಿದ್ದ ವಿಷಯ.

ನಾನು ನಾಲೆ ದಾಟಿ ಕಾಲೋನಿಯ ಕಡೆ ಹೋದೆ. ಅಲ್ಲಿ ನನಗೆ ಕಂಡದ್ದು ಬೇರೆ. ಸಮುದಾಯ ಭವನದ ಮುಂದಿನ ಹೊಂಗೆ ಮರದ ಕೆಳಗೆ ಐದಾರು ಮುದುಕಿಯರು, ಇಬ್ಬರು ಮುದುಕರು ಕೂತಿದ್ದರು. ರಟ್ಟು ಒಬ್ಬ ಅಜ್ಜಿಯ ಕೈಯಲ್ಲಿತ್ತು. ಹಗ್ಗದ ಆ ತುದಿಯಲ್ಲಿ ಒಂದನೆಯ ತರಗತಿಯ ಮಗು ಒಂದು ಕಣ್ಣು ಮುಚ್ಚಿಕೊಂಡು, ಕೈಯನ್ನು ಎಡಕ್ಕೆ, ಬಲಕ್ಕೆ ಚಾಚುತ್ತಿತ್ತು. ಮುದುಕಿಯರು ನಗುತ್ತಿದ್ದರು. ಇವರು ಆಟ ಆಡುತ್ತಿದ್ದಾರೆ, ಕೆಲಸ ಬಿಟ್ಟಿದ್ದಾರೆ ಎಂದುಕೊಂಡೆ. ಬಯ್ಯಲು ಬಾಯಿ ತೆರೆಯುವಷ್ಟರಲ್ಲಿ ಉಪನಾಯಕಿ ಪುಸ್ತಕ ತಂದು ತೋರಿಸಿದಳು. ಹನ್ನೊಂದು ಹೆಸರು ಬರೆದಾಗಿತ್ತು. ಮೊದಲನೆಯದು ಅವಳ ಅಜ್ಜಿಯದು.

ಶಾಲೆಗೆ ಮರಳಿದ ಮೇಲೆ ನಾಯಕಿ ಆ ಪುಸ್ತಕ ನೋಡಿದಳು. ಕೈತೊಳೆಯುವ ನಲ್ಲಿಗಳ ಹಿಂದೆ ಹೋಗಿ ಅತ್ತಳು. ನಾನು ಸಮಾಧಾನ ಮಾಡಲು ಹೋಗಲಿಲ್ಲ. ಅಳು ಮುಗಿಸಿ ಬಂದು, ಚೀಲವಿಲ್ಲದ ದಿನವಾದ್ದರಿಂದ ತೆಗೆದುಕೊಳ್ಳಲು ಏನೂ ಇಲ್ಲದೆ, ಬರಿಗೈಯಲ್ಲಿ ಮನೆಗೆ ಹೋದಳು.

ಸೋಮವಾರ ಬಿಸಿಯೂಟದ ಹೊತ್ತಿಗೆ ತಟ್ಟೆ ಹಿಡಿದುಕೊಂಡು ಉಪನಾಯಕಿಯ ಎದುರು ಬಂದು ಕೂತಳು. ನಾನು ಬಡಿಸುವ ಕಡೆ ನಿಂತಿದ್ದೆ.

"ನೀವೆಂಗ್ ಮಾಡಿದ್ರಿ? ನಮ್ಮೋರು ಒಬ್ರೂ ಏಳ್ಲಿಲ್ಲ."

ಉಪನಾಯಕಿ ಅನ್ನ ಕಲಸುತ್ತಲೇ ಹೇಳಿದಳು. "ನಾವು ಮೊದ್ಲು ಅವರ್ನ ನೋಡ್ಲೇ ಇಲ್ಲ. ನಮ್ ಕಣ್ಣು ನೋಡಿ ಅಂತ ರಟ್ಟು ಅವರ್ ಕೈಗೇ ಕೊಟ್ಬುಟ್ಟೊ. ಅವರು ತಿರುಗಿಸ್ತಾರೆ, ನಾವು ಏಳ್ತೀವಿ. ಆಮೇಲೆ ಅವರಿಗೇ ಆಸೆ ಆಯ್ತದೆ, ನಂದೂ ನೋಡಿ ಅಂತಾರೆ."

ನಾಯಕಿ ತಟ್ಟೆ ಖಾಲಿ ಮಾಡಿದಳು. "ಈ ಶನಿವಾರ ನಮ್ ಬೀದಿಗೆ ಬಾ" ಎಂದಳು.

"ನಾನು ಬಂದ್ರೆ ನಿಮ್ಮೋರು..." ಎಂದು ಉಪನಾಯಕಿ ನಿಲ್ಲಿಸಿದಳು. ನನ್ನ ಕಡೆ ನೋಡಿದಳು. ನಾಯಕಿಯೂ ನೋಡಿದಳು. ಈ ಸಲ ಸುಮ್ಮನಿರಲು ಜಾಗವಿರಲಿಲ್ಲ. "ಇದು ಶಾಲೆ ಕೆಲಸ. ನಾನೂ ಜೊತೆಗೆ ಬರ್ತೀನಿ" ಎಂದೆ.

ಶನಿವಾರ ಬೆಳಿಗ್ಗೆ ಎರಡು ತಂಡ ಒಂದಾಗಿ ಹೊರಟಿತು. ಹಿಂದಿನ ವಾರ ಮನೆಗೆ ಹೋಗಿದ್ದ ಮೂರನೆಯ ತರಗತಿಯ ಹುಡುಗಿಯ ಮನೆಗೆ ನಾಯಕಿ ತಾನೇ ಹೋಗಿ ಅವಳನ್ನು ಕರೆದುಕೊಂಡು ಬಂದಿದ್ದಳು. ರಟ್ಟನ್ನೂ ಅವಳಿಗೇ ಕೊಟ್ಟಿದ್ದಳು. ಅವರೆಕಾಯಿಯ ಅಜ್ಜಿಯ ಮುಂದೆ ಮಕ್ಕಳು ಸಾಲಾಗಿ ನಿಂತು, "ಅಜ್ಜಿ, ನಮ್ ಕಣ್ ನೋಡಿ" ಎಂದರು. ಹತ್ತು ನಿಮಿಷದಲ್ಲಿ ಅಜ್ಜಿ ತಾವೇ ಎದ್ದು ಹಗ್ಗದ ತುದಿಗೆ ಬಂದರು. ಬಲಗಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಇಷ್ಟು ದಿನ ಅದು ತಮಗೇ ಗೊತ್ತಿರಲಿಲ್ಲ ಎಂದರು. ಗೊತ್ತಿತ್ತು ಎಂದು ನನಗನ್ನಿಸಿತು.

ಹಾಗೆ ನಾಲ್ಕು ಮನೆ ಮುಗಿಸಿ ನಾಯಕಿಯ ಮನೆಯ ಮುಂದೆ ಬಂದೆವು.

ಹಿಂದಿನ ವಾರ ಅವಳು ಈ ಮನೆಯನ್ನು ಬಿಟ್ಟಿದ್ದಳು. "ನಮ್ ತಾತ ದಿನಾ ಪೇಪರ್ ಓದ್ತಾರೆ, ಅವರಿಗ್ ಬ್ಯಾಡ" ಎಂದಿದ್ದಳು. ಈ ಸಲ ದಾರಿಯಲ್ಲಿ ನನ್ನ ಪಕ್ಕ ಬಂದು ಮೆಲ್ಲಗೆ ಹೇಳಿದಳು, "ಮಿಸ್, ತಾತ ಪೇಪರ್ ಇಡ್ಕಂಡು ನನ್ನ ಕರೀತಾರೆ. ಕನ್ನಡಕ ಎಲ್ಲಿಟ್ನೋ, ನೀನೇ ಓದು ಅಂತಾರೆ. ಕನ್ನಡಕ ಮೂಗ್ ಮೇಲೇ ಇರ್ತದೆ."

ತಾತ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. ಎಪ್ಪತ್ತು ದಾಟಿದ ವಯಸ್ಸು, ಬಿಳಿ ಪಂಚೆ, ಅಗಲ ಹಣೆ. ಬಾಗಿಲ ಬಳಿ ಅವರ ಹೆಂಡತಿ ಮೊರದಲ್ಲಿ ಅಕ್ಕಿ ಕೇರುತ್ತಿದ್ದರು. ಮಕ್ಕಳನ್ನು ನೋಡಿ ಅಜ್ಜಿ, "ಬನ್ನಿ ಬನ್ನಿ" ಎಂದರು. ಉಪನಾಯಕಿಯ ಮೇಲೆ ಕಣ್ಣು ಬಿದ್ದ ಮೇಲೆ, "ಅಲ್ಲೇ ಅಂಗಳದಲ್ಲೇ ಆಡ್ಕಳಿ" ಎಂದು ತಿದ್ದಿದರು. ನನಗೆ ಮಾತ್ರ ಒಂದು ಕುರ್ಚಿ ಬಂತು.

ರಟ್ಟನ್ನು ತಾತನ ಕೈಗೆ ಕೊಟ್ಟರು. ಅವರಿಗೆ ಆಟ ಇಷ್ಟವಾಯಿತು. ಬೆನ್ನ ಹಿಂದೆ ತಿರುಗಿಸಿ ತಟ್ಟನೆ ಮುಂದೆ ಹಿಡಿಯುತ್ತಿದ್ದರು. ಅಂಗಳದ ಆ ಕೊನೆಯಲ್ಲಿ ನಿಂತ ಉಪನಾಯಕಿ ಒಂದನ್ನೂ ತಪ್ಪಿಸಲಿಲ್ಲ. "ಈ ಮೊಗ ಚುರುಕಾಗದೆ ಕಣಮ್ಮಿ" ಎಂದರು. ಆಗ ಅವಳು, "ತಾತ, ಈಗ ನಾನ್ ಇಡ್ಕತೀನಿ, ನೀವ್ ಏಳಿ" ಎಂದಳು. ಆಟದ ಹುರುಪಿನಲ್ಲಿ ಅವರು ಒಪ್ಪಿದರು. ನಾಯಕಿ ಹಿಂದೆ ನಿಂತು ತಾತನ ಒಂದು ಕಣ್ಣನ್ನು ಅಂಗೈಯಲ್ಲಿ ಮುಚ್ಚಿದಳು.

ಅವರು ಎಡಕ್ಕೆ ತೋರಿಸಿದರು. ಅದು ಕೆಳಗೆ ಇತ್ತು. ಮೇಲಕ್ಕೆ ತೋರಿಸಿದರು. ಅದು ಬಲಕ್ಕಿತ್ತು.

"ಬಿಸಿಲು ಒಡೀತದೆ, ನೆಳ್ಳಲ್ಲಿ ನಿಂತ್ಕಳಮ್ಮಿ."

ಅವಳು ತೆಂಗಿನ ನೆರಳಿಗೆ ಸರಿದಳು. ಮತ್ತೆ ತಪ್ಪಾಯಿತು. ಇನ್ನೊಂದು ಕಣ್ಣಿಗೂ ಹಾಗೆಯೇ. ಮಕ್ಕಳು ನಗಲಿಲ್ಲ. ತಾತನ ಸ್ವರ ಬದಲಾದದ್ದು ಅವಕ್ಕೂ ಗೊತ್ತಾಗಿತ್ತು.

"ಒಸಿ ಅತ್ರ ಬಾ" ಎಂದರು.

ಅವಳು ನಾಲ್ಕು ಹೆಜ್ಜೆ ಬಂದಳು. ಹಗ್ಗ ನೆಲಕ್ಕೆ ಜೋತುಬಿತ್ತು. "ಇನ್ನೂ ಬಾ." ಬಂದಳು. "ಇನ್ನೂ." ಜಗಲಿಯ ಮೆಟ್ಟಿಲ ಬುಡಕ್ಕೆ ಬಂದು ನಿಂತಳು. ಮೂರು ಮೆಟ್ಟಿಲು. ಬಾಗಿಲಲ್ಲಿ ಮೊರದ ಸದ್ದು ನಿಂತಿತು.

"ಯಾಕ್ ನಿಂತ್ಕಂಡೆ? ಬಾ ಅಂದ್ನಲ್ಲ" ಎಂದರು ತಾತ.

ಅವಳು ಕದಲಲಿಲ್ಲ. ನಾಯಕಿ ತಾತನ ಕಣ್ಣಿನ ಮೇಲಿನ ಕೈ ತೆಗೆದು, ಕೆಳಗಿಳಿದು ಬಂದು, ಉಪನಾಯಕಿಯ ಪಕ್ಕ ನಿಂತಳು. "ಬಾ" ಎಂದಳು. ಇಬ್ಬರೂ ಒಟ್ಟಿಗೆ ಮೂರು ಮೆಟ್ಟಿಲು ಹತ್ತಿದರು. ಉಪನಾಯಕಿ ರಟ್ಟನ್ನು ಎದೆಯ ಮಟ್ಟಕ್ಕೆ ಹಿಡಿದಳು. ತಾತನಿಗೂ ಅವಳಿಗೂ ನಡುವೆ ಒಂದು ಮಾರು ದೂರ ಇತ್ತೋ ಏನೋ.

ತಾತ ತಾವೇ ಕೈಯಿಂದ ಒಂದು ಕಣ್ಣು ಮುಚ್ಚಿಕೊಂಡರು. ಬೆರಳುಗಳನ್ನು ಮೇಲಕ್ಕೆ ಮಾಡಿ ತೋರಿಸಿದರು.

"ಸರಿ" ಎಂದಳು ಉಪನಾಯಕಿ.

ಅವರು ಕನ್ನಡಕ ತೆಗೆದರು. ಪಂಚೆಯ ಅಂಚಿನಿಂದ ಒರೆಸಿದರು, ಮತ್ತೆ ಹಾಕಿಕೊಂಡರು. "ಯಾರ್ ಮೊಗ ನೀನು?" ಎಂದು ಕೇಳಿದರು. ಅವಳು ತನ್ನ ಅಜ್ಜಿಯ ಹೆಸರು ಹೇಳಿದಳು. ಅಜ್ಜಿ ಆ ಮನೆಯ ಗದ್ದೆಯಲ್ಲಿ ನಾಟಿ ಹಾಕಿದವಳು, ವರ್ಷಗಟ್ಟಲೆ.

"ಅವಳ್ ಕಣ್ಣು ಎಂಗದೆ?"

"ಅಜ್ಜಿಗೂ ಕಾಣಲ್ಲ. ಲಿಸ್ಟಲ್ಲಿ ಮೊದ್ಲು ಅವಳದೇ."

"ಅಂಗಾದ್ರೆ ನಂದೂ ಬರ್ಕೊ" ಎಂದರು.

ನಾಯಕಿ ಬರೆದುಕೊಂಡಳು. ನಾವು ಮುಂದಿನ ಮನೆಗೆ ಹೋದೆವು. ಅವತ್ತು ಪಟ್ಟಿ ಹದಿನೆಂಟಕ್ಕೆ ನಿಂತಿತು. ಎಲ್ಲ ಚೆನ್ನಾಗಿ ಆಯಿತು ಎಂದುಕೊಂಡು ಬಸ್ಸು ಹತ್ತಿದೆ.

ಸೋಮವಾರ ಮೊದಲ ಗಂಟೆ ಬಾರಿಸುವ ಮುಂಚೆ ನಾಯಕಿ ನನ್ನ ಬಳಿ ಬಂದಳು. ಉಪನಾಯಕಿ ಕಪ್ಪು ಹಲಗೆಯ ಮೇಲೆ ದಿನಾಂಕ ಬರೆಯುತ್ತಿದ್ದಳು. ಅವಳಿಗೆ ಕೇಳಿಸದಂತೆ ಹೇಳಬೇಕು ಎಂಬ ಎಚ್ಚರ ನಾಯಕಿಗೆ ಇರಲಿಲ್ಲ. ಅಥವಾ ಕೇಳಿಸಲಿ ಎಂದೇ ಹೇಳಿದಳೋ, ನನಗೆ ಇವತ್ತಿಗೂ ಗೊತ್ತಿಲ್ಲ.

"ಮಿಸ್, ನೀವೆಲ್ಲ ಒಂಟೋದ್ಮೇಲೆ ಅಜ್ಜಿ ಜಗಲಿ ತೊಳ್ದ್ರು."

ಉಪನಾಯಕಿ ಹಲಗೆಯಿಂದ ತಿರುಗದೆ ಹೇಳಿದಳು, "ಗೊತ್ತು. ಹಗ್ಗ ಮರ್ತಿದ್ದೆ, ತಗಳಕ್ಕೆ ವಾಪಸ್ ಬಂದಿದ್ದೆ. ನೋಡ್ದೆ."

"ನಾನು ಅಜ್ಜಿ ಜೊತೆ ಮಾತು ಬಿಟ್ಬುಟ್ಟೀನಿ" ಎಂದಳು ನಾಯಕಿ.

ಉಪನಾಯಕಿ ಸೀಮೆಸುಣ್ಣ ಕೆಳಗಿಟ್ಟಳು. "ಮಾತ್ ಬಿಟ್ರೆ ನಿಮ್ಮಜ್ಜಿ ಕಣ್ ನೋಡೋದ್ಯಾರು? ಅವರದಿನ್ನೂ ಆಗಿಲ್ಲ."

ಅಷ್ಟರಲ್ಲಿ ಗಂಟೆ ಹೊಡೆಯಿತು, ಇಬ್ಬರೂ ಸಾಲು ನಿಲ್ಲಿಸಲು ಹೊರಗೆ ಹೋದರು. ಆ ಹೊತ್ತಿನಲ್ಲಿ ದೊಡ್ಡವಳಾಗಿ ನಾನು ಏನಾದರೂ ಹೇಳಬೇಕಿತ್ತು. ಒಬ್ಬಳ ಕ್ಷಮೆ ಕೇಳಬೇಕಿತ್ತು, ಇನ್ನೊಬ್ಬಳಿಗೆ ಧೈರ್ಯ ಹೇಳಬೇಕಿತ್ತು. ಹಾಜರಿ ಪುಸ್ತಕ ತೆಗೆದುಕೊಂಡು ಅವರ ಹಿಂದೆ ಹೋದೆ.

ಮರುದಿನ ನಾಯಕಿ ರಟ್ಟು ಕೇಳಿ ಮನೆಗೆ ಒಯ್ದಳು. ಅಜ್ಜಿಯನ್ನು ಹಗ್ಗದ ತುದಿಯಲ್ಲಿ ನಿಲ್ಲಿಸಿ ನೋಡಿದಳು. "ನಾಕಕ್ಕೆ ನಾಕೂ ಸರಿ ಮಿಸ್. ಎರಡು ಕಣ್ಣೂ" ಎಂದು ವರದಿ ಕೊಟ್ಟಳು.

ಕ್ಯಾಂಪಿನ ದಿನ ಆಶಾ ಒಂದು ಟೆಂಪೊ ಗೊತ್ತುಮಾಡಿದ್ದರು. ಹದಿನೆಂಟರಲ್ಲಿ ಹದಿನೈದು ಜನ ಬಂದರು. ಪಟ್ಟಿ ಹಿಡಿದುಕೊಳ್ಳಲು ನಾಯಕಿ ಮತ್ತು ಉಪನಾಯಕಿ, ಅವರ ಜವಾಬ್ದಾರಿಗೆ ನಾನು. ತಾತ ಚಾಲಕನ ಪಕ್ಕ ಕೂತರು. ಉಳಿದವರು ಹಿಂದೆ ಕೂತರು. ಮೊದಲ ಎರಡು ಮೈಲಿ ಕಾಲೋನಿಯವರು ಒಂದು ಕಡೆ, ಊರೊಳಗಿನವರು ಒಂದು ಕಡೆ ಇದ್ದರು. ರಸ್ತೆ ಕೆಟ್ಟಿತ್ತು. ಹೊಳೆನರಸೀಪುರ ಮುಟ್ಟುವ ಹೊತ್ತಿಗೆ ಕುಲುಕಾಟದಲ್ಲಿ ಯಾರು ಎಲ್ಲಿದ್ದರು ಎಂದು ಹೇಳಲು ಬರುತ್ತಿರಲಿಲ್ಲ. ಅವರೆಕಾಯಿಯ ಅಜ್ಜಿ ಉಪನಾಯಕಿಯ ಅಜ್ಜಿಯ ತೋಳು ಹಿಡಿದುಕೊಂಡು ಇಳಿದರು. ಅದಕ್ಕೆ ಬೇರೆ ಅರ್ಥವೇನೂ ಇರಲಿಲ್ಲ. ಇಬ್ಬರಿಗೂ ಮೆಟ್ಟಿಲು ಕಾಣುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ನಮ್ಮ ಊರಿನವರನ್ನು ಪಟ್ಟಿಯಲ್ಲಿದ್ದ ಕ್ರಮದಲ್ಲೇ ಕೂರಿಸಿ ಎಂದರು. ಬಾಗಿಲ ಬಳಿ ನಿಂತು ಹೆಸರು ಕರೆಯುವುದು ನಾಯಕಿಯ ಕೆಲಸ. ಮೊದಲ ಹೆಸರು ಉಪನಾಯಕಿಯ ಅಜ್ಜಿಯದು. ನಾಯಕಿಯ ತಾತನದು ಹದಿನಾರನೆಯದು. ಅರ್ಧ ಗಂಟೆ ಕಳೆದ ಮೇಲೆ ನಮ್ಮ ಊರಿನವರೇ ಒಬ್ಬರು ಎದ್ದು, "ಗೌಡ್ರು ಎಷ್ಟೊತ್ತು ಕೂರ್ತಾರೆ? ಅವರ್ನ ಮುಂದೆ ಕಳ್ಸು ಮೊಗ" ಎಂದರು.

ನಾಯಕಿ ಪಟ್ಟಿ ನೋಡಿದಳು. "ಇವರಿನ್ನೂ ಹದಿನಾರು. ಈಗ ಐದು ಓಗವ್ರೆ."

"ನಿನ್ ತಾತ ಅಲ್ವೇನಮ್ಮಿ?"

"ಹೂಂ. ಹದಿನಾರು" ಎಂದಳು.

ತಾತನಿಗೆ ಕೇಳಿಸಿತು. ಅವರು ಹಿಂದಿನ ಬೆಂಚಿನಿಂದಲೇ, "ನಿಂಗೆ ಓಟಾಕಿದ್ದು ಯಾರಮ್ಮಿ?" ಎಂದು ಕೇಳಿದರು. ಕೋಪವೋ ತಮಾಷೆಯೋ ಗೊತ್ತಾಗುವಂತಿರಲಿಲ್ಲ.

"ನೀವಲ್ಲ ತಾತ. ಸ್ಕೂಲ್ ಮಕ್ಳು."

ಪ್ರಾರ್ಥನೆಗೆ ಸಾಲು ಕೂಗುವ ಗಂಟಲು ಅದಲ್ಲ. ಪಟ್ಟಿ ನೋಡಿ ಮುಂದಿನ ಹೆಸರು ಕರೆದಳು. ಉಪನಾಯಕಿ ಒಂದು ಲೋಟ ನೀರು ತಂದು ತಾತನಿಗೆ ಕೊಟ್ಟಳು. ಅವರು ತೆಗೆದುಕೊಂಡು ಕುಡಿದರು. ತಮ್ಮ ಸರದಿ ಬರುವವರೆಗೆ ಕೂತರು.

ಒಂಬತ್ತು ಜನರಿಗೆ ಪೊರೆ ಬಂದಿದೆ, ಶಸ್ತ್ರಚಿಕಿತ್ಸೆ ಆಗಬೇಕು ಎಂದರು. ಎರಡು ವಾರದೊಳಗೆ ಹಾಸನದಲ್ಲಿ ಎಂಟು ಜನರಿಗೆ ಆಯಿತು. ತಾತನಿಗೆ ಮಾತ್ರ ಆಗಲಿಲ್ಲ. ಸಕ್ಕರೆ ಕಾಯಿಲೆ ಹತೋಟಿ ಮೀರಿತ್ತು, ಅದು ಇಳಿಯದೆ ಮಾಡುವುದಿಲ್ಲ ಎಂದರು. ಅವರು ಸಿಟ್ಟಿನಲ್ಲಿ, ಮಕ್ಕಳ ಮಾತು ಕಟ್ಟಿಕೊಂಡು ಬಂದದ್ದೇ ತಪ್ಪಾಯಿತು ಎಂದರಂತೆ. ನಾಯಕಿ ಸಕ್ಕರೆ ಡಬ್ಬವನ್ನು ಅಟ್ಟದ ಮೇಲಿಟ್ಟು ಏಣಿ ತೆಗೆದಳಂತೆ. ಕಾಫಿ ಕಾಯಿಸುವಾಗ ಒಲೆಯ ಪಕ್ಕ ಕಾವಲು ನಿಲ್ಲುತ್ತಿದ್ದಳಂತೆ. ಕಾಫಿ ಕಾಯಿಸುತ್ತಿದ್ದವರು ಅಜ್ಜಿ. ಅವರ ಜೊತೆ ಮಾತು ಯಾವಾಗ ಮತ್ತೆ ಶುರುವಾಯಿತು ಎಂದು ನಾನು ಕೇಳಲಿಲ್ಲ.

ಉಪನಾಯಕಿಯ ಅಜ್ಜಿ ಕಪ್ಪು ಕನ್ನಡಕ ಹಾಕಿಕೊಂಡು ಒಂದು ಮಧ್ಯಾಹ್ನ ಶಾಲೆಯ ಗೇಟಿನ ಹತ್ತಿರ ಬಂದಳು. ಮೊಮ್ಮಗಳನ್ನು ಹತ್ತಿರ ಕರೆದು ಮೇಲಿಂದ ಕೆಳಗೆ ನೋಡಿದಳು. "ಲಂಗದ ಅಂಚು ಇಷ್ಟೊಂದು ಬಿಚ್ಚೋಗದಲ್ಲೇ! ಒಬ್ರಾದ್ರೂ ಏಳ್ಬಾರ್ದಾ ನಂಗೆ?" ಎಂದಳು. ಮರುದಿನ ಯೂನಿಫಾರಂ ಲಂಗದ ಅಂಚಿಗೆ ನೀಲಿಯ ಮೇಲೆ ಬಿಳಿ ದಾರದ ಹೊಲಿಗೆ ಬಿದ್ದಿತ್ತು. ಹೊಲಿಗೆ ಸಣ್ಣಗೆ, ಒಂದೇ ಅಳತೆಯಲ್ಲಿತ್ತು.

ತಾತನಿಗೆ ಎರಡು ತಿಂಗಳ ನಂತರ ಆಯಿತು. ಗುಣವಾದ ಮೇಲೆ ಒಂದು ದಿನ ಶಾಲೆಗೆ ಬಂದರು. ಮುಖ್ಯ ಶಿಕ್ಷಕರು ಗಡಬಡಿಸಿ ಕುರ್ಚಿ ಹಾಕಿದರು. ಅವರು ಕೂರಲಿಲ್ಲ. "ರಟ್ಟು ಇಡ್ಕಂಡಿದ್ಲಲ್ಲ, ಆ ಮೊಗ ಯಾವ್ದು? ಅವತ್ತು ಮುಖ ಕಾಣ್ಲಿಲ್ಲ" ಎಂದರು. ಉಪನಾಯಕಿ ಎದ್ದು ನಿಂತಳು. ಅವರು ನೋಡಿದರು. ಏನೋ ಹೇಳಲು ಬಂದವರಂತೆ ಇದ್ದರು. "ಚೆನ್ನಾಗ್ ಓದವ್ವ" ಎಂದಷ್ಟೇ ಹೇಳಿ ಹೋದರು. ತಾವು ಬಂದದ್ದು ಅದಕ್ಕೇನಾ ಎಂದು ಅವರಿಗೇ ಸಂಶಯ ಬಂದಂತೆ, ಗೇಟಿನ ಬಳಿ ಒಂದು ಸಲ ನಿಂತರು.

ಆ ಜಗಲಿಯ ಮೇಲೆ ಅವಳು ಮತ್ತೆ ಹತ್ತಿದ್ದನ್ನು ನಾನು ಕಂಡಿಲ್ಲ. ಊರು ಹೇಗಿತ್ತೋ ಹಾಗೇ ಇತ್ತು. ಶಾಲೆಯಲ್ಲಿ ಮಾತ್ರ ಒಂದು ವ್ಯತ್ಯಾಸವಾಗಿತ್ತು. ಬೆಳಗಿನ ಸಾಲು ಕೂಗುವುದನ್ನು ಒಂದು ದಿನ ಇವಳು, ಒಂದು ದಿನ ಅವಳು ಮಾಡತೊಡಗಿದರು. ಯಾರು ಹಾಗೆ ಮಾಡಿದ್ದು ಎಂದು ಮುಖ್ಯ ಶಿಕ್ಷಕರು ಕೇಳಿದರು. "ನಮಗೆ ನಾವೇ" ಎಂದರು. ನಿಯಮದಲ್ಲಿ ಹಾಗಿಲ್ಲ ಎಂದು ಅವರು ನನಗೆ ಹೇಳಿದರು. ಇಲ್ಲ ನಿಜ ಎಂದೆ. ಅದು ವರ್ಷದ ಕೊನೆಯವರೆಗೂ ಹಾಗೇ ನಡೆಯಿತು. ಉಪನಾಯಕಿಯ ಸರದಿಯ ದಿನ ಮಕ್ಕಳು ಹತ್ತಿರ ಹತ್ತಿರ ನಿಲ್ಲುತ್ತಿದ್ದರು, ಅವಳ ಧ್ವನಿ ಸಣ್ಣದಾದ್ದರಿಂದ.

ಐದನೆಯ ತರಗತಿ ಮುಗಿದ ಮೇಲೆ ಉಪನಾಯಕಿ ಹಳ್ಳಿಮೈಸೂರಿನ ಸರ್ಕಾರಿ ಶಾಲೆಗೆ ಸೇರಿದಳು. ನಾಯಕಿಯನ್ನು ಹೊಳೆನರಸೀಪುರದ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹಾಕಿದರು. ನನಗೆ ಅರಕಲಗೂಡು ತಾಲ್ಲೂಕಿಗೆ ವರ್ಗವಾಯಿತು. ಹೊಸ ಶಾಲೆಯಲ್ಲಿ ಕಣ್ಣಿನ ರಟ್ಟಿನ ವಿಷಯ ಹೇಳಿ ನೋಡಿದೆ. ಅಲ್ಲಿಯ ಮಕ್ಕಳಿಗೆ ಅದು ಹಿಡಿಸಲಿಲ್ಲ. ರಸ್ತೆ ದಾಟುವ ಚಿಕ್ಕ ಮಕ್ಕಳನ್ನು ಕೈಹಿಡಿದು ದಾಟಿಸುತ್ತೇವೆ ಎಂದರು. ಹಾಗೇ ಮಾಡುತ್ತಿದ್ದಾರೆ.

ಹೋದ ತಿಂಗಳು ಬೆಳಿಗ್ಗೆ ಹೊಳೆನರಸೀಪುರ ಬಸ್ ನಿಲ್ದಾಣದ ಹೊರಗೆ ನಾಯಕಿ ಸಿಕ್ಕಳು. ಟೈ ಕಟ್ಟಿಕೊಂಡು, ಶಾಲೆಯ ವ್ಯಾನಿಗೆ ಕಾಯುತ್ತಿದ್ದಳು. ಏನೋ ಕೊಳ್ಳಲು ಅಮ್ಮನ ಜೊತೆ ಪೇಟೆಗೆ ಬಂದಿದ್ದಳಂತೆ, ವ್ಯಾನು ಇಲ್ಲೇ ಹತ್ತಿಸಿಕೊಳ್ಳುತ್ತದೆ ಎಂದಳು. ಎತ್ತರವಾಗಿದ್ದಳು.

"ಇಲ್ಲೂ ಲೀಡರಾ?" ಎಂದು ಕೇಳಿದೆ.

"ಇಲ್ಲ ಮಿಸ್. ಇಲ್ಲಿ ಮಾರ್ಕ್ಸ್ ನೋಡಿ ಅವರೇ ಮಾಡ್ತಾರೆ. ನಾನ್ ಏನೂ ಅಲ್ಲ."

ಬೇಸರವಾಗಿದೆಯೇ ಎಂದು ಮುಖ ನೋಡಿದೆ. ಅಂಥದ್ದೇನೂ ಕಾಣಲಿಲ್ಲ. ಅವಳು ಬೇರೆ ಏನನ್ನೋ ಹೇಳುವ ಆತುರದಲ್ಲಿದ್ದಳು. ವ್ಯಾನಿನಲ್ಲಿ ಒಂದನೆಯ ತರಗತಿಯ ಮಗುವೊಂದು ಹಿಂದಿನ ದಿನ ವಾಂತಿ ಮಾಡಿಕೊಂಡಿತ್ತಂತೆ. ಚಾಲಕ ಬೈದಿದ್ದನಂತೆ, ದೊಡ್ಡ ಮಕ್ಕಳು ಮೂಗು ಮುಚ್ಚಿಕೊಂಡು ಕಿಟಕಿ ಕಡೆ ಸರಿದಿದ್ದರಂತೆ.

"ನಾನೂ ಇನ್ನೊಬ್ಳೂ ಸೇರ್ಕಂಡು ತೊಳ್ದೊ ಮಿಸ್. ಇವತ್ತು ಆ ಮಗಿಗೆ ನಿಂಬೆಹಣ್ಣು ತಂದೀನಿ."

ಚೀಲದ ಪಕ್ಕದ ಜೇಬಿನಿಂದ ನಿಂಬೆಹಣ್ಣು ತೆಗೆದು ತೋರಿಸಿದಳು. ಅಷ್ಟರಲ್ಲಿ ವ್ಯಾನು ಬಂತು. ಅವಳು ಹತ್ತಿ, ನನಗೆ ಕೈಬೀಸುವುದನ್ನು ಮರೆತು, ಮುಂದಿನ ಸೀಟಿನ ಚಿಕ್ಕ ಮಕ್ಕಳ ಕಡೆ ಬಗ್ಗಿದಳು. ನಾನು ಅರಕಲಗೂಡಿನ ಬಸ್ಸು ಹುಡುಕಿಕೊಂಡು ಒಳಗೆ ಹೋದೆ.